ಓದುಗರ ಪ್ರಶ್ನೆ, ನಮ್ಮ ಉತ್ತರ: ಮನೆಯಲ್ಲೇ ಜೋಡಿಸುವ ಗೇಮಿಂಗ್ ಪಿಸಿ

ಕಾರವಾರದಿಂದ ಸಿದ್ದಾಪುರದವರೆಗೆ, ಘಟ್ಟದ ಮೇಲಿನಿಂದಲೂ ಕೆಳಗಿನಿಂದಲೂ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇವೆ. ಬಿಡಿಭಾಗಗಳ ಬೆಲೆ ವಾರದಿಂದ ವಾರಕ್ಕೆ ಬದಲಾಗುತ್ತದೆ. ಆದ್ದರಿಂದ ಕೆಳಗಿನ ರೂಪಾಯಿ ಲೆಕ್ಕವನ್ನು ಅಂಗಡಿಯ ದರಪಟ್ಟಿ ಎಂದು ತಿಳಿಯಬೇಡಿ. ಆಯಾ ಭಾಗಕ್ಕೆ ನೀವು ದಾಟಬಾರದ ಗಡಿ ಎಂದು ಓದಿಕೊಳ್ಳಿ.

ಪ್ರಶ್ನೆ: ಡಿಪ್ಲೊಮಾ ಓದುತ್ತಿದ್ದೇನೆ. ಮಾನಿಟರ್, ಕೀಬೋರ್ಡ್, ಮೌಸ್ ಮನೆಯಲ್ಲಿವೆ. ಉಳಿದದ್ದಕ್ಕೆ 55,000 ರೂ. ಕೂಡಿಟ್ಟಿದ್ದೇನೆ. ವ್ಯಾಲರಂಟ್, ಜಿಟಿಎ 5, ಜೊತೆಗೆ ಒಂದೆರಡು ಹೊಸ ಆಟಗಳನ್ನು 1080ಪಿಯಲ್ಲಿ ಆಡಬೇಕು. ಅಂಗಡಿಯವರು "ಈಗ ದೊಡ್ಡ ಪ್ರೊಸೆಸರ್ ಹಾಕಿಸಿ, ಗ್ರಾಫಿಕ್ಸ್ ಕಾರ್ಡ್ ಮುಂದಿನ ವರ್ಷ ನೋಡುವಾ" ಎನ್ನುತ್ತಾರೆ. ದುಡ್ಡನ್ನು ಹೇಗೆ ಹಂಚಲಿ?
— ಕೋಡಿಬಾಗ, ಕಾರವಾರ

ಉತ್ತರ: ಗ್ರಾಫಿಕ್ಸ್ ಕಾರ್ಡನ್ನು ಮೊದಲು ಗೊತ್ತುಮಾಡಿ, ಉಳಿದದ್ದನ್ನು ಅದಕ್ಕೆ ಹೊಂದಿಸಿ. ಹೊಸ ಆಟಗಳಲ್ಲಿ ಸೆಕೆಂಡಿಗೆ ಎಷ್ಟು ಫ್ರೇಮ್ ಬರುತ್ತದೆ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಕಾರ್ಡೇ. ದೊಡ್ಡ ಪ್ರೊಸೆಸರ್ ಹಾಕಿ ಕಾರ್ಡ್ ಬಿಟ್ಟರೆ ವ್ಯಾಲರಂಟ್ ಹೇಗೋ ಓಡೀತು, ಉಳಿದವು ತೆವಳುತ್ತವೆ. ಕಾರ್ಡಿಗೆ 22,000ದವರೆಗೆ, ಪ್ರೊಸೆಸರ್ ಮತ್ತು ಮದರ್‌ಬೋರ್ಡ್ ಸೇರಿ 16,000, ಎಸ್‌ಎಂಪಿಎಸ್‌ಗೆ (ಮನೆಯ ಕರೆಂಟನ್ನು ಪಿಸಿಗೆ ಹೊಂದಿಸಿ ಕೊಡುವ ಡಬ್ಬಿ) 4,500, ಕ್ಯಾಬಿನೆಟ್‌ಗೆ 3,000 ಎತ್ತಿಡಿ. ಉಳಿಯುವ 9,500 ರ‍್ಯಾಮ್ ಮತ್ತು ಎಸ್‌ಎಸ್‌ಡಿಗೆ (ವಿಂಡೋಸ್, ಆಟಗಳನ್ನು ಉಳಿಸಿಡುವ ಡ್ರೈವ್).

ಕಾರ್ಡ್: ಈ ದುಡ್ಡಿಗೆ ಎಎಂಡಿ ಆರ್‌ಎಕ್ಸ್ 6600 ನಮ್ಮ ಮೊದಲ ಆಯ್ಕೆ. 8 ಜಿಬಿ ಮೆಮೊರಿ, 132 ವ್ಯಾಟ್, ಒಂದೇ 8 ಪಿನ್ ಕೇಬಲ್ ಸಾಕು. ಹೊಸ ಆಟಗಳಲ್ಲಿ ಟೆಕ್ಸ್ಚರ್ ಅನ್ನು ಅಲ್ಟ್ರಾದಿಂದ ಹೈ ಅಥವಾ ಮೀಡಿಯಂಗೆ ಇಳಿಸಬೇಕಾಗುತ್ತದೆ. ಏಕೆಂದರೆ 8 ಜಿಬಿ ತುಂಬಿದ ಕೂಡಲೇ ಆಟ ಮುಗ್ಗರಿಸುತ್ತದೆ. ಐದಾರು ಸಾವಿರ ಹೆಚ್ಚು ಹೊಂದಿಸಲು ಆದರೆ ಆರ್‌ಟಿಎಕ್ಸ್ 4060 ನೋಡಿ. ಅದು 115 ವ್ಯಾಟ್‌ನಲ್ಲೇ ಹೆಚ್ಚು ಕೆಲಸ ಮಾಡುತ್ತದೆ. ಆರ್‌ಟಿಎಕ್ಸ್ 3050 ಕೊಳ್ಳುವಾಗ ಮಾತ್ರ ಜಾಗ್ರತೆ: ಒಂದೇ ಹೆಸರಿನಲ್ಲಿ 8 ಜಿಬಿಯದೂ 6 ಜಿಬಿಯದೂ ಇವೆ. 6 ಜಿಬಿಯದರಲ್ಲಿ ಕೋರ್‌ಗಳೂ ಕಡಿಮೆ, ಮೆಮೊರಿಯ ದಾರಿಯೂ ಕಿರಿದು, ಹಾಗಾಗಿ ವೇಗ ಕಡಿಮೆ. 70 ವ್ಯಾಟ್ ಸಾಕಾಗುವುದರಿಂದ ಸಣ್ಣ ಎಸ್‌ಎಂಪಿಎಸ್ ಇರುವ ಹಳೆ ಪಿಸಿಗೆ ಅದು ಸರಿ, ಹೊಸದಾಗಿ ಕಟ್ಟುವವರಿಗೆ ಬೇಡ. ಆರ್‌ಎಕ್ಸ್ 6500 ಎಕ್ಸ್‌ಟಿ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬಿಡಿ. 4 ಜಿಬಿ ಮೆಮೊರಿ, ಬೋರ್ಡಿನೊಂದಿಗೆ ಮಾತಾಡಲು ನಾಲ್ಕೇ ಪಿಸಿಐಇ ಲೇನ್ (ಕಾರ್ಡಿಗೂ ಬೋರ್ಡಿಗೂ ನಡುವೆ ಮಾಹಿತಿ ಹರಿಯುವ ದಾರಿ). ಮೂರನೇ ತಲೆಮಾರಿನ ಪಿಸಿಐಇ ಇರುವ ಬೋರ್ಡಿಗೆ ಹಾಕಿದರೆ ಇನ್ನಷ್ಟು ಸೊರಗುತ್ತದೆ.

ಪ್ರೊಸೆಸರ್: ಇಂಟೆಲ್ ಐ5-12400ಎಫ್ ಇಲ್ಲವೇ ಎಎಂಡಿ ರೈಜನ್ 5 5600. ಎರಡರಲ್ಲೂ 6 ಕೋರ್, 12 ಥ್ರೆಡ್. ಆಟದಲ್ಲಿ ಕಾಣುವಂಥ ವ್ಯತ್ಯಾಸ ಇಲ್ಲ, ಆ ದಿನ ಬೋರ್ಡ್ ಸೇರಿ ಯಾವುದು ಅಗ್ಗವೋ ಅದನ್ನೇ ತೆಗೆದುಕೊಳ್ಳಿ. 12400ಎಫ್‌ಗೆ ಎಚ್610 ಬೋರ್ಡ್ ಸಾಕು. ಆದರೆ ಎಚ್610ರಲ್ಲಿ ಡಿಡಿಆರ್4 ಹಾಕುವವು, ಡಿಡಿಆರ್5 ಹಾಕುವವು ಎರಡೂ ಸಿಗುತ್ತವೆ. ಒಂದರ ರ‍್ಯಾಮ್ ಇನ್ನೊಂದರ ಸ್ಲಾಟಿಗೆ ಕೂರುವುದೇ ಇಲ್ಲ, ಕಚ್ಚಿನ ಜಾಗ ಬೇರೆ. ಬಿಲ್ ಹಾಕಿಸುವ ಮುನ್ನ ಬೋರ್ಡಿನ ಪೂರ್ತಿ ಹೆಸರು ಓದಿ. ಬೋರ್ಡಿನಲ್ಲಿ ಎಂ.2 ಸ್ಲಾಟ್ (ಎಸ್‌ಎಸ್‌ಡಿ ನೇರವಾಗಿ ಕೂರುವ ಜಾಗ) ಇದೆಯೇ ಎಂದೂ ನೋಡಿ, ತೀರಾ ಅಗ್ಗದ ಕೆಲವು ಬೋರ್ಡ್‌ಗಳಲ್ಲಿ ಅದು ಇರುವುದಿಲ್ಲ. ವೈಫೈ ಕೂಡ ಈ ದರ್ಜೆಯ ಹಲವು ಬೋರ್ಡ್‌ಗಳಲ್ಲಿ ಇಲ್ಲ. ರೌಟರಿನಿಂದ ಲ್ಯಾನ್ ಕೇಬಲ್ ಎಳೆಯುವುದೇ ಆಟಕ್ಕೆ ಒಳ್ಳೆಯದು.

ರ‍್ಯಾಮ್: 2025ರ ಕೊನೆಯಿಂದ ರ‍್ಯಾಮ್ ಬೆಲೆ ಜೋರಾಗಿ ಏರಿದೆ. ತಯಾರಕರು ಎಐ ಸರ್ವರ್‌ಗಳಿಗೆ ಬೇಕಾದ ಮೆಮೊರಿಯತ್ತ ಹೊರಳಿದ್ದು ಮುಖ್ಯ ಕಾರಣ. ಆದರೂ 16 ಜಿಬಿಗಿಂತ ಕಡಿಮೆ ಹಾಕಬೇಡಿ. 8 ಜಿಬಿಯ ಎರಡು ಕಡ್ಡಿ ಹಾಕಿ. 16ರ ಒಂದೇ ಕಡ್ಡಿ ಹಾಕಿದರೆ ಪ್ರೊಸೆಸರಿಗೆ ಸಿಗುವ ಮೆಮೊರಿಯ ದಾರಿ ಅರ್ಧವಾಗುತ್ತದೆ. ರ‍್ಯಾಮ್ ಲೆಕ್ಕ ಮೀರಿದರೆ ಎಸ್‌ಎಸ್‌ಡಿಯನ್ನು 1 ಟಿಬಿಯಿಂದ 500 ಜಿಬಿಗೆ ಇಳಿಸಿ. ಅದೂ ಸಾಲದಿದ್ದರೆ ಪ್ರೊಸೆಸರನ್ನು ಐ3-12100ಎಫ್‌ಗೆ ಇಳಿಸಿ, ಅದೇ ಬೋರ್ಡಿನಲ್ಲಿ ಮುಂದೆ ಬದಲಿಸಬಹುದು. ಡಿಡಿಆರ್4 ರ‍್ಯಾಮನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವುದರಲ್ಲೂ ದೊಡ್ಡ ಅಪಾಯವಿಲ್ಲ. ಮೆಮ್‌ಟೆಸ್ಟ್86 ಎಂಬ ತಂತ್ರಾಂಶವನ್ನು ಪೆನ್‌ಡ್ರೈವಿನಿಂದ ಒಂದು ರಾತ್ರಿ ಓಡಿಸಿ, ಒಂದೇ ಒಂದು ತಪ್ಪು ತೋರಿಸಿದರೂ ಹಿಂದಿರುಗಿಸಿ.

ಎಸ್‌ಎಂಪಿಎಸ್: ಇಲ್ಲಿ ಮಾತ್ರ ಒಂದು ರೂಪಾಯಿಯನ್ನೂ ಕಡಿಯಬೇಡಿ. ಕ್ಯಾಬಿನೆಟ್ ಜೊತೆ "450 ವ್ಯಾಟ್" ಎಂದು ಕೊಡುವ ಹಗುರ ಡಬ್ಬಿಯನ್ನು ಈ ಕಾರ್ಡಿಗೆ ಜೋಡಿಸಲೇಬೇಡಿ. ಡಬ್ಬಿಯ ಮೇಲಿನ ಚೀಟಿಯಲ್ಲಿ 12 ವೋಲ್ಟ್ ಸಾಲನ್ನು ಓದಿ: ಅಲ್ಲಿನ ಆಂಪಿಯರ್ ಅನ್ನು 12ರಿಂದ ಗುಣಿಸಿದರೆ ಪ್ರೊಸೆಸರಿಗೂ ಕಾರ್ಡಿಗೂ ನಿಜವಾಗಿ ಸಿಗುವ ಶಕ್ತಿ ಬರುತ್ತದೆ. 45 ಆಂಪಿಯರ್ ಇದ್ದರೆ 540 ವ್ಯಾಟ್, ಅದು ನಿಜವಾದ 550ರ ಡಬ್ಬಿ. 18 ಆಂಪಿಯರ್ ಇದ್ದರೆ 216 ವ್ಯಾಟ್, ಹೊರಗೆ ಏನೇ ಬರೆದಿರಲಿ. 550 ವ್ಯಾಟ್, 80 ಪ್ಲಸ್ ಬ್ರಾನ್ಜ್ (ಕರೆಂಟ್ ಕಡಿಮೆ ಪೋಲು ಮಾಡುವ ದರ್ಜೆಯ ಗುರುತು), 5 ವರ್ಷ ವಾರಂಟಿ, ಕಾರ್ಡಿಗೆ ಕರೆಂಟ್ ಕೊಡುವ 6+2 ಪಿನ್‌ನ ಪಿಸಿಐಇ ಕೇಬಲ್: ಈ ನಾಲ್ಕನ್ನೂ ಕೇಳಿ ಪಡೆಯಿರಿ. ಒಳಹರಿವು 100ರಿಂದ 240 ವೋಲ್ಟ್ ಎಂದು ಬರೆದದ್ದೇ ಆಗಲಿ. ಏಕೆಂಬುದನ್ನು ಸಿರಸಿಯ ಓದುಗರ ಪ್ರಶ್ನೆಯಲ್ಲಿ ಹೇಳಿದ್ದೇವೆ.

ಕ್ಯಾಬಿನೆಟ್‌ಗೆ ಮುಂಭಾಗದಲ್ಲಿ ಗಾಜು ಬೇಡ, ಜಾಲರಿ ಇರಲಿ. ಕಾರವಾರದ ಮೇ ತಿಂಗಳಲ್ಲಿ ಕೋಣೆಯೇ 33–34 ಡಿಗ್ರಿ ಇರುವಾಗ ಗಾಜಿನ ಹಿಂದೆ ಕೂತ ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತದೆ. ಮುಂದೆ ಎರಡು ಫ್ಯಾನ್ ಒಳಕ್ಕೆ, ಹಿಂದೆ ಒಂದು ಹೊರಕ್ಕೆ. ಬಣ್ಣದ ದೀಪಗಳಿಗೆ ಕೊಡುವ ದುಡ್ಡನ್ನು ಎಸ್‌ಎಂಪಿಎಸ್‌ಗೆ ಸೇರಿಸಿ.

ಎಲ್ಲಿ ಕೊಳ್ಳುವುದು? ಕಾರವಾರದವರಿಗೆ ಮಡಗಾಂವ್, ಹುಬ್ಬಳ್ಳಿ, ಬೆಂಗಳೂರಿನ ಎಸ್.ಪಿ. ರಸ್ತೆ, ಆನ್‌ಲೈನ್ ಎಲ್ಲವೂ ದಾರಿಗಳೇ. ದರದಷ್ಟೇ ಮುಖ್ಯವಾಗಿ ನೋಡಬೇಕಾದ್ದು ವಾರಂಟಿ ಯಾರು ಕೊಡುತ್ತಾರೆ ಎಂಬುದು. ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ಇರಲಿ, ಭಾರತದ ವಿತರಕರ ವಾರಂಟಿ ಇದೆಯೇ ಎಂದು ಕೇಳಿ. ಹೊರದೇಶದಿಂದ ಬಂದ ಅಗ್ಗದ ಸರಕಿಗೆ ಇಲ್ಲಿ ಯಾರೂ ಜವಾಬ್ದಾರರಲ್ಲ. ಆನ್‌ಲೈನ್ ಪಾರ್ಸೆಲ್ ಬಿಚ್ಚುವುದನ್ನು, ಮೊಹರು ಒಡೆಯುವ ಮೊದಲಿನಿಂದ, ವಿಡಿಯೊ ಮಾಡಿಕೊಳ್ಳಿ. ಹುಬ್ಬಳ್ಳಿಯಲ್ಲೇ ಜೋಡಿಸಿ ಅರಬೈಲ್ ಘಟ್ಟ ಇಳಿಸಿ ತರುವುದಾದರೆ ಗ್ರಾಫಿಕ್ಸ್ ಕಾರ್ಡನ್ನು ಬಿಚ್ಚಿ ಅದರ ಪೆಟ್ಟಿಗೆಯಲ್ಲೇ ತನ್ನಿ. ಕುಲುಕಾಟದಲ್ಲಿ ಕಾರ್ಡಿನ ಭಾರಕ್ಕೆ ಬೋರ್ಡಿನ ಸ್ಲಾಟ್ ಸೀಳುತ್ತದೆ, ಅದಕ್ಕೆ ವಾರಂಟಿ ಸಿಗದು.

ಪ್ರಶ್ನೆ: ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, 2 ಜಿಬಿ ಗ್ರಾಫಿಕ್ಸ್ ಕಾರ್ಡ್, ಎಲ್ಲ ಸೇರಿ 18,000ಕ್ಕೆ "ಗೇಮಿಂಗ್ ಪಿಸಿ" ಎಂದು ಜಾಹೀರಾತು ನೋಡಿದೆ. ತಗೊಳ್ಳಬಹುದೇ?
— ಅಂಕೋಲಾ

ಉತ್ತರ: ಬೇಡ. ಐ7 ಎನ್ನುವುದು ಮನೆತನದ ಹೆಸರಿದ್ದಂತೆ, ಅಜ್ಜನಿಗೂ ಅದೇ, ಮೊಮ್ಮಗನಿಗೂ ಅದೇ. ಅದರ ಮುಂದಿನ ಅಂಕಿ ಕೇಳಿ. ಈ ದರದಲ್ಲಿ ಸಾಮಾನ್ಯವಾಗಿ ಸಿಗುವುದು 2011ರ ಐ7-2600 ಅಥವಾ 2012ರ ಐ7-3770, ಜೊತೆಗೆ ಎಚ್61 ಬೋರ್ಡ್. ಆ ಬೋರ್ಡಿಗೆ ಡಿಡಿಆರ್3 ರ‍್ಯಾಮ್, ಎಂ.2 ಇಲ್ಲ. ಸಾಟಾ (ಎಸ್‌ಎಸ್‌ಡಿಯನ್ನು ಕೇಬಲ್‌ನಿಂದ ಜೋಡಿಸುವ ದಾರಿ) ಕೂಡ ಎರಡನೇ ತಲೆಮಾರಿನದು, ಹಾಗಾಗಿ ಎಸ್‌ಎಸ್‌ಡಿ ಅರ್ಧ ವೇಗದಲ್ಲಿ ಓಡುತ್ತದೆ. ಇಂದಿನ ಐ3-12100ಎಫ್ ಆ ಐ7ನ್ನು ಸುಲಭವಾಗಿ ಹಿಂದೆ ಹಾಕುತ್ತದೆ. 2 ಜಿಬಿ ಕಾರ್ಡ್ ಎಂದರೆ ಬಹುತೇಕ ಜಿಟಿ 710 ಅಥವಾ ಜಿಟಿ 730. ಪರದೆಗೆ ಚಿತ್ರ ಕೊಡುವುದಷ್ಟೇ ಅವುಗಳ ಕೆಲಸ.

ಇದಕ್ಕಿಂತ ದೊಡ್ಡ ತೊಡಕು ವಿಂಡೋಸ್‌ನದು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಇಂಟೆಲ್‌ನ 8ನೇ ತಲೆಮಾರಿನಿಂದ ಮೇಲಕ್ಕೆ, ಟಿಪಿಎಂ 2.0 (ಬೋರ್ಡ್ ಅಥವಾ ಪ್ರೊಸೆಸರಿನಲ್ಲಿರುವ ಭದ್ರತಾ ವ್ಯವಸ್ಥೆ) ಇದ್ದರೆ ಮಾತ್ರ. ವ್ಯಾಲರಂಟ್ ಕೂಡ ವಿಂಡೋಸ್ 11ರಲ್ಲಿ ಟಿಪಿಎಂ ಮತ್ತು ಸೆಕ್ಯೂರ್ ಬೂಟ್ (ಪಿಸಿ ಆನ್ ಆಗುವಾಗ ನಂಬಲರ್ಹ ತಂತ್ರಾಂಶವನ್ನಷ್ಟೇ ಬಿಡುವ ಸೌಲಭ್ಯ) ಇಲ್ಲದೆ ಬಾಗಿಲು ತೆರೆಯುವುದಿಲ್ಲ. ನಿಮ್ಮ ಕೈಯಲ್ಲಿ ಅಷ್ಟೇ ದುಡ್ಡಿದ್ದರೆ ಆಫೀಸುಗಳಿಂದ ಹೊರಬಂದ, 8ನೇ ತಲೆಮಾರಿನ ಐ5 ಇರುವ ಬ್ರ್ಯಾಂಡೆಡ್ ಡೆಸ್ಕ್‌ಟಾಪ್ ಹುಡುಕಿ. ಅದಕ್ಕೆ ಮುಂದೆ ಜಿಟಿಎಕ್ಸ್ 1650ರಂಥ, ಬೇರೆ ಪವರ್ ಕೇಬಲ್ ಬೇಡದ 75 ವ್ಯಾಟ್ ಕಾರ್ಡ್ ಹಾಕಬಹುದು. ಡಬ್ಬಿ ದೊಡ್ಡ ಟವರ್ ಆಗಿರಲಿ. ತೆಳು ಡಬ್ಬಿಗೆ ಗಿಡ್ಡ ಕಾರ್ಡೇ ಬೇಕು, ಅದಕ್ಕೆ ಬೆಲೆ ಹೆಚ್ಚು. ಇಂಥ ಡಬ್ಬಿಗಳಲ್ಲಿ ಎಸ್‌ಎಂಪಿಎಸ್‌ನ ಆಕಾರ, ಪಿನ್ ಎಲ್ಲ ಆ ಕಂಪನಿಯದೇ ಆಗಿರುತ್ತದೆ, ಹೊರಗಿನದು ಕೂರುವುದಿಲ್ಲ ಎಂಬುದೂ ಗೊತ್ತಿರಲಿ.

ಪ್ರಶ್ನೆ: ಈಗ ರೈಜನ್ 5 5600ಜಿ ಹಾಕಿ, ಅಡಿಕೆ ಕೊಯ್ಲು ಮುಗಿದ ಮೇಲೆ ಕಾರ್ಡ್ ಹಾಕುವ ಯೋಚನೆ. ಸರಿಯೇ?
— ಯಲ್ಲಾಪುರ

ಉತ್ತರ: ನಾಲ್ಕೈದು ತಿಂಗಳಲ್ಲಿ ಕಾರ್ಡ್ ಬರುವುದು ಖಚಿತವಾದರೆ 5600ಜಿ (ಒಳಗೇ ಗ್ರಾಫಿಕ್ಸ್ ಇರುವ ಪ್ರೊಸೆಸರ್) ಕೊಳ್ಳಬೇಡಿ, ಅಲ್ಲಿಯವರೆಗೆ ತಡೆದು 5600 ಮತ್ತು ಕಾರ್ಡನ್ನು ಒಟ್ಟಿಗೆ ತನ್ನಿ. 5600ಜಿಯಲ್ಲಿ ಎಲ್3 ಕ್ಯಾಶೆ (ಪ್ರೊಸೆಸರಿನೊಳಗಿನ ವೇಗದ ಮೆಮೊರಿ) 16 ಎಂಬಿ, 5600ರಲ್ಲಿ 32. 5600ಜಿಯಲ್ಲಿ ಪಿಸಿಐಇ ಕೂಡ ಮೂರನೇ ತಲೆಮಾರಿಗೆ ನಿಲ್ಲುತ್ತದೆ. ಹೀಗಾಗಿ ಕಾರ್ಡ್ ಬಂದ ಮೇಲೆ 5600ಜಿ ಹಿಂದುಳಿಯುತ್ತದೆ. ವರ್ಷವಿಡೀ ಕಾರ್ಡ್ ಇಲ್ಲದೆಯೇ ನಡೆಸಬೇಕಾದರೆ ಮಾತ್ರ ಅದು ಒಳ್ಳೆಯ ಪ್ರೊಸೆಸರ್. ಆಗ ಎರಡು ಕಡ್ಡಿ ರ‍್ಯಾಮ್ ಕಡ್ಡಾಯ. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. ಒಂದೇ ಕಡ್ಡಿ ಹಾಕಿದವರು "5600ಜಿ ಕೆಟ್ಟದ್ದು" ಎಂದು ದೂರುವುದೇ ಹೆಚ್ಚು.

ಪ್ರಶ್ನೆ: ಮಗ ಗೇಮಿಂಗ್ ಕಂಪ್ಯೂಟರ್ ಬೇಕೆಂದು ಹಟ ಹಿಡಿದಿದ್ದಾನೆ. ಕರೆಂಟ್ ಬಿಲ್ ಎಷ್ಟು ಏರಬಹುದು?
— ಒಬ್ಬ ತಾಯಿ, ಸಿದ್ದಾಪುರ

ಉತ್ತರ: ಮೇಲೆ ಹೇಳಿದಂಥ ಪಿಸಿ ಆಟ ಆಡುವಾಗ ಮಾನಿಟರ್ ಸೇರಿ ಸುಮಾರು 280 ವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ ತಾಯಿ. ದಿನಕ್ಕೆ 3 ಗಂಟೆಯಂತೆ ತಿಂಗಳಿಗೆ 25 ಯೂನಿಟ್. ಗೃಹಜ್ಯೋತಿಯಲ್ಲಿ ನಿಮ್ಮ ಮನೆಗೆ ನಿಗದಿಯಾದ ಯೂನಿಟ್ ದಾಟಿದರೆ ಹೆಚ್ಚಿನದಕ್ಕೆ ದುಡ್ಡು ಕಟ್ಟಬೇಕು, ತಿಂಗಳಿಗೆ 200 ದಾಟಿದರೆ ಇಡೀ ಬಿಲ್ ಕಟ್ಟಬೇಕು. ಹಾಗಾಗಿ ಹಳೆಯ ಬಿಲ್ಲುಗಳನ್ನು ಮುಂದಿಟ್ಟುಕೊಂಡು 25 ಕೂಡಿಸಿ ನೋಡಿ. ಆಟದ ಸೆಟ್ಟಿಂಗ್‌ನಲ್ಲಿ ಫ್ರೇಮ್ ಮಿತಿಯನ್ನು ಮಾನಿಟರಿನ ಹರ್ಟ್ಸ್‌ಗೆ ಕಟ್ಟಿಹಾಕಲು ಮಗನಿಗೆ ಹೇಳಿ. ಕಾರ್ಡ್ ಸುಮ್ಮನೆ ಹೆಚ್ಚುವರಿ ಫ್ರೇಮ್ ತಯಾರಿಸುವುದು ನಿಂತು ಕರೆಂಟೂ ಉಳಿಯುತ್ತದೆ, ಬಿಸಿಯೂ ಇಳಿಯುತ್ತದೆ.

ಪ್ರಶ್ನೆ: ನಮ್ಮದು ತೋಟದ ಮನೆ. ಸಂಜೆ ವೋಲ್ಟೇಜ್ ಇಳಿಯುತ್ತದೆ, ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುತ್ತಲೇ ಇರುತ್ತದೆ. ಮನೆಗೆ ಇನ್ವರ್ಟರ್ ಇದೆ, ಆದರೂ ಕರೆಂಟ್ ಹೋದಾಗ ಪಿಸಿ ರೀಸ್ಟಾರ್ಟ್ ಆಗುತ್ತದೆ. ಕ್ಯಾಬಿನೆಟ್ ಮುಟ್ಟಿದರೆ ಜುಂ ಎನ್ನುತ್ತದೆ. ಬೇರೆ ಯುಪಿಎಸ್ ಬೇಕೇ? ಸಿಡಿಲಿಗೆ ಏನು ಮಾಡುವುದು?
— ಸಿರಸಿ ತಾಲೂಕು

ಉತ್ತರ: ಕೊನೆಗೆ ಬರೆದ "ಜುಂ" ಎನ್ನುವ ವಿಷಯವನ್ನು ಮೊದಲು ನೋಡೋಣ, ಏಕೆಂದರೆ ಅದು ಜೀವದ ಪ್ರಶ್ನೆ. ಎಸ್‌ಎಂಪಿಎಸ್ ಒಳಗೆ ಫೇಸ್‌ನಿಂದ ಡಬ್ಬಿಗೂ ನ್ಯೂಟ್ರಲ್‌ನಿಂದ ಡಬ್ಬಿಗೂ ಸಣ್ಣ ಕೆಪಾಸಿಟರ್‌ಗಳಿರುತ್ತವೆ. ಅರ್ಥಿಂಗ್ ಸರಿಯಿದ್ದರೆ ಅವುಗಳ ಮೂಲಕ ಸೋರುವ ಚೂರು ಕರೆಂಟ್ ನೆಲಕ್ಕೆ ಹೋಗುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಡಬ್ಬಿಯೇ ಸುಮಾರು 115 ವೋಲ್ಟ್‌ಗೆ ಏರಿ ಕೂರುತ್ತದೆ. ಆ ಸೋರಿಕೆ ತೀರಾ ಸಣ್ಣದು, ಅದರಿಂದಲೇ ಅನಾಹುತವಾಗದು. ಆದರೆ ನಾಳೆ ಒಳಗೆ ಫೇಸ್ ವೈರ್ ಡಬ್ಬಿಗೆ ತಾಗಿದರೆ ತಡೆಯಲು ಏನೂ ಇಲ್ಲ ಎಂಬುದನ್ನು ಆ ಜುಂ ಹೇಳುತ್ತಿದೆ.

ಮಲ್ಟಿಮೀಟರಿನಿಂದ ಸಾಕೆಟ್ ಪರೀಕ್ಷಿಸಲು ಎಲೆಕ್ಟ್ರಿಷಿಯನ್‌ಗೆ ಹೇಳಿ. ಫೇಸ್–ನ್ಯೂಟ್ರಲ್ ನಡುವೆ ಬಂದಷ್ಟೇ ಫೇಸ್–ಅರ್ಥ್ ನಡುವೆಯೂ ಬರಬೇಕು. ನ್ಯೂಟ್ರಲ್–ಅರ್ಥ್ ನಡುವೆ ಎರಡು ಮೂರು ವೋಲ್ಟ್ ಮೀರಬಾರದು. ನಮ್ಮ ಚಿರೇಕಲ್ಲಿನ ನೆಲ ಮಳೆಗಾಲದಲ್ಲಿ ಒದ್ದೆಯಿದ್ದು, ಮಾರ್ಚ್ ಏಪ್ರಿಲ್‌ನಲ್ಲಿ ಪೂರ್ತಿ ಒಣಗುತ್ತದೆ. ಹಳೆಯ ಅರ್ಥ್ ಗುಂಡಿ ಆಗ ಕೆಲಸ ಮಾಡುವುದಿಲ್ಲ. ಗುಂಡಿಯನ್ನು ಇದ್ದಿಲು, ಉಪ್ಪು ಹಾಕಿ ಹೊಸದಾಗಿ ಮಾಡಿಸಿ, ಬೇಸಿಗೆಯಲ್ಲಿ ನೀರು ಹಾಕುತ್ತಿರಿ. ಪೈಪಿಗೆ ವೈರ್ ಕಚ್ಚಿದ ಜಾಗ ತುಕ್ಕು ಹಿಡಿದಿದೆಯೇ ನೋಡಿ, ಬಹಳ ಕಡೆ ತೊಂದರೆ ಅಲ್ಲೇ. ಮೇನ್ ಬೋರ್ಡಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಸಾಲನ್ನು ತಾನೇ ಕಡಿಯುವ ಸ್ವಿಚ್) ಹಾಕಿಸಿ. ಒಂದು ಕೆಲಸವನ್ನು ಯಾರೇ ಹೇಳಿದರೂ ಮಾಡಿಸಬೇಡಿ: ಸಾಕೆಟ್‌ನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ಪಿನ್ ಸೇರಿಸಿ ವೈರ್ ಕಟ್ಟುವುದು. ಜುಂ ಎನ್ನುವುದು ನಿಲ್ಲುತ್ತದೆ, ನಿಜ. ಆದರೆ ಮಳೆಗಾಳಿಗೆ ಎಲ್ಲಿಯೋ ನ್ಯೂಟ್ರಲ್ ಕಡಿದ ಕ್ಷಣ ಕ್ಯಾಬಿನೆಟ್‌ಗೆ ಪೂರ್ತಿ 230 ವೋಲ್ಟ್ ಬರುತ್ತದೆ.

ರೀಸ್ಟಾರ್ಟ್ ಆಗುವುದಕ್ಕೆ ಕಾರಣ ಇನ್ವರ್ಟರ್ ಬದಲಾಗಲು ತೆಗೆದುಕೊಳ್ಳುವ ಹೊತ್ತು. ಎಸ್‌ಎಂಪಿಎಸ್ ತನ್ನ ಕೆಪಾಸಿಟರ್‌ನಲ್ಲಿರುವ ಶಕ್ತಿಯಿಂದ ಪೂರ್ಣ ಭಾರದಲ್ಲಿ ಸುಮಾರು 16 ಮಿಲಿಸೆಕೆಂಡ್ ತಾಳಬಲ್ಲದು, ಅಗ್ಗದ್ದು ಅದಕ್ಕಿಂತ ಕಡಿಮೆ. ಇನ್ವರ್ಟರ್ ಹಿಂದೆ ಅಥವಾ ಮುಂದೆ "ಯುಪಿಎಸ್" ಮತ್ತು "ನಾರ್ಮಲ್" ಅಥವಾ "ಇಕೊ" ಎಂಬ ಸ್ವಿಚ್ ಇರುತ್ತದೆ. ಅದನ್ನು ಯುಪಿಎಸ್‌ಗೆ ಹಾಕಿ ನೋಡಿ. ಬಹುತೇಕ ಮನೆಗಳಲ್ಲಿ ಅಷ್ಟಕ್ಕೇ ಪರಿಹಾರ ಸಿಗುತ್ತದೆ. ಆ ಸ್ಥಿತಿಯಲ್ಲಿ ಇನ್ವರ್ಟರ್ ಸುಮಾರು 180 ವೋಲ್ಟ್‌ಗಿಂತ ಕೆಳಗಿಳಿದರೆ ಬ್ಯಾಟರಿಗೆ ಹೋಗುತ್ತದೆ. ಸಂಜೆ ತೋಟದ ಪಂಪ್‌ಗಳು ಶುರುವಾದಾಗ ನಿಮ್ಮಲ್ಲಿ 170ಕ್ಕೆ ಇಳಿಯುವುದಾದರೆ ಬ್ಯಾಟರಿ ಬೇಗ ಬರಿದಾಗುತ್ತದೆ, ಆಗ ಇನ್ವರ್ಟರಿಗೆ ಮೊದಲು ಸ್ಟೆಬಿಲೈಸರ್ ಬೇಕಾದೀತು. ಇನ್ವರ್ಟರ್ ಸೈನ್ ವೇವ್ ಕೊಡುವುದಾಗಿರಲಿ. ಸ್ಕ್ವೇರ್ ವೇವ್ ಇದ್ದರೆ ಅದಕ್ಕೆ ಪಿಸಿ ಜೋಡಿಸಬೇಡಿ.

ಎಸ್‌ಎಂಪಿಎಸ್‌ನ ಒಳಹರಿವು 200ರಿಂದ 240 ವೋಲ್ಟ್ ಎಂದಿದ್ದರೆ ವೋಲ್ಟೇಜ್ ಇಳಿದಾಗೆಲ್ಲ ಪಿಸಿ ಆಫ್ ಆಗುವುದು ಸಹಜ. 100ರಿಂದ 240 ಎಂದಿರುವ, ಆ್ಯಕ್ಟಿವ್ ಪಿಎಫ್‌ಸಿ ಇರುವ ಡಬ್ಬಿ 160ರಲ್ಲೂ ನಿಶ್ಚಿಂತೆಯಿಂದ ಓಡುತ್ತದೆ.

ಪ್ರತ್ಯೇಕ ಯುಪಿಎಸ್ ಕೊಳ್ಳುವವರಿಗೆ: 600 ವಿಎ ಎಂದರೆ ಸಾಮಾನ್ಯವಾಗಿ 360 ವ್ಯಾಟ್. ಒಳಗಿರುವ 12 ವೋಲ್ಟ್, 7 ಆಂಪಿಯರ್‌ಅವರ್ ಬ್ಯಾಟರಿಯಲ್ಲಿ ಒಟ್ಟು ಇರುವುದೇ 84 ವ್ಯಾಟ್‌ಅವರ್. ಆಟದ ನಡುವೆ ಅದು ಕೆಲವೇ ನಿಮಿಷ. ಸೇವ್ ಮಾಡಿ ಮುಚ್ಚಲು ಸಾಕು, ಆಟ ಮುಂದುವರಿಸಲು ಸಾಲದು. 1,100 ವಿಎ ಒಳ್ಳೆಯ ಅಳತೆ.

ಸಿಡಿಲಿಗೆ ಪ್ಲಗ್ ಕೀಳುವುದೇ ದಾರಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಸಿಡಿಲು ಆ ಅಂತರವನ್ನು ಹಾರಿ ಬರುತ್ತದೆ. ಸರ್ಜ್ ಪ್ರೊಟೆಕ್ಟರ್ ಹೆಚ್ಚಿನ ವೋಲ್ಟೇಜನ್ನು ಅರ್ಥ್‌ಗೆ ಬಿಡಬೇಕು, ಅರ್ಥಿಂಗ್ ಇಲ್ಲದ ಮನೆಯಲ್ಲಿ ಅದರ ಅರ್ಧ ಕೆಲಸ ನಿಂತಂತೆ. ಏಪ್ರಿಲ್–ಮೇ ತಿಂಗಳ ಸಂಜೆ ಮತ್ತು ಅಕ್ಟೋಬರ್‌ನಲ್ಲಿ ಗುಡುಗು ದೂರದಲ್ಲಿ ಕೇಳಿಸಿದಾಗಲೇ ಪಿಸಿ, ಮಾನಿಟರ್ ಎರಡರ ಪ್ಲಗ್‌ಗಳನ್ನೂ ತೆಗೆಯಿರಿ. ಲ್ಯಾನ್ ಕೇಬಲನ್ನೂ ಕೀಳಿ. ಫೈಬರ್ ಗಾಜಿನದು, ಅದರಲ್ಲಿ ಸಿಡಿಲು ಬರದು. ಆದರೆ ಫೈಬರ್ ಮೋಡೆಮ್‌ನ ಅಡಾಪ್ಟರ್ ಕರೆಂಟಿನಲ್ಲಿರುತ್ತದೆ, ಅಲ್ಲಿಂದ ತಾಮ್ರದ ಲ್ಯಾನ್ ಕೇಬಲ್ ಹಿಡಿದು ಬೋರ್ಡಿಗೆ ಬರುತ್ತದೆ. ಸಿಡಿಲಿನ ನಂತರ ಪಿಸಿ ಸರಿಯಿದ್ದು ಲ್ಯಾನ್ ಪೋರ್ಟ್ ಮಾತ್ರ ಸತ್ತಿರುವುದು ಈ ದಾರಿಯಿಂದಲೇ.

ಪ್ರಶ್ನೆ: ಮನೆ ಕಡಲಿಗೆ ಹತ್ತಿರ. ಹಿಂದಿನ ಕಂಪ್ಯೂಟರಿನ ತಿರುಪುಗಳೆಲ್ಲ ತುಕ್ಕು ಹಿಡಿದು, ಮೂರನೇ ಮಳೆಗಾಲದಲ್ಲಿ ಬೋರ್ಡ್ ಸತ್ತಿತು. ಹೊಸದನ್ನು ಉಳಿಸಿಕೊಳ್ಳುವುದು ಹೇಗೆ?
— ಮುರ್ಡೇಶ್ವರ

ಉತ್ತರ: ಕೆಡಿಸುವುದು ಉಪ್ಪು ಬೆರೆತ ಧೂಳು. ಒಣಗಿರುವಾಗ ಅದು ಸುಮ್ಮನಿರುತ್ತದೆ, ಗಾಳಿಯ ತೇವ ಹೀರಿಕೊಂಡಾಗ ಕರೆಂಟ್ ಹರಿಯುವ ಪದರವಾಗಿ ಬೋರ್ಡಿನ ಸಣ್ಣ ಪಿನ್‌ಗಳ ನಡುವೆ ಕೂರುತ್ತದೆ, ತಾಮ್ರವನ್ನು ತಿನ್ನುತ್ತದೆ. ಆದ್ದರಿಂದ ಧೂಳು ಒಳಬರದಂತೆ, ಬಂದದ್ದು ಒದ್ದೆಯಾಗದಂತೆ ನೋಡಿಕೊಳ್ಳಬೇಕು.

ಪಿಸಿಯನ್ನು ಪಡುವಣ ಕಿಟಕಿಯ ಪಕ್ಕ ಇಡಬೇಡಿ. ನೆಲದಿಂದ ಒಂದಡಿ ಮೇಲೆ, ಮಳೆಗಾಲದಲ್ಲಿ ಜಿನುಗುವ ಗೋಡೆಯಿಂದ ಅರ್ಧ ಅಡಿ ದೂರ ಇರಲಿ. ಗಾಳಿ ಒಳಬರುವ ಎಲ್ಲ ಕಡೆ ತೊಳೆಯಬಹುದಾದ ಜಾಲರಿ ಇರುವ ಕ್ಯಾಬಿನೆಟ್ ಆರಿಸಿ. ಹದಿನೈದು ದಿನಕ್ಕೊಮ್ಮೆ ಜಾಲರಿ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಮೂರು ತಿಂಗಳಿಗೊಮ್ಮೆ ಬ್ಲೋವರ್‌ನಿಂದ ಊದಿ, ಆಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಕ್ಕೆ ಒಂದು ಗಂಟೆಯಾದರೂ ಪಿಸಿ ಓಡಿಸಿ (ಸಿಡಿಲು ಇಲ್ಲದ ಹೊತ್ತು ನೋಡಿಕೊಂಡು). ಒಳಗಿನ ಬಿಸಿಯೇ ತೇವವನ್ನು ಹೊರಗಟ್ಟುತ್ತದೆ. ರಜೆಗೆ ಊರಿಗೆ ಹೋಗಿ ಬಂದು, ಎರಡು ಮೂರು ವಾರ ಮುಚ್ಚಿದ್ದ ಪಿಸಿಯನ್ನು ಬಂದ ಕೂಡಲೇ ಆನ್ ಮಾಡಬೇಡಿ. ಪಕ್ಕದ ಬಾಗಿಲು ತೆಗೆದು ಟೇಬಲ್ ಫ್ಯಾನ್ ಹಚ್ಚಿ ಕೆಲವು ಗಂಟೆ ಬಿಡಿ. ಓಡುವ ಪಿಸಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡುವುದರಿಂದ ಪ್ರಯೋಜನವಿಲ್ಲ, ಫ್ಯಾನ್ ತರುವ ಹೊಸ ಗಾಳಿಯ ತೇವಕ್ಕೆ ಅದು ಸಾಲದು. ಬಿಡಿಭಾಗದ ಪೆಟ್ಟಿಗೆಯಲ್ಲಿ, ಬಿಗಿಯಾದ ಪ್ಲಾಸ್ಟಿಕ್ ಚೀಲದಲ್ಲಿ ಇಡಿ, ಅಲ್ಲಿ ಉಪಯೋಗ. ಆ ಪೆಟ್ಟಿಗೆಗಳನ್ನು ವಾರಂಟಿ ಮುಗಿಯುವವರೆಗೆ ಎಸೆಯಬೇಡಿ, ಒರಲೆಗೂ ಕೊಡಬೇಡಿ. ಕೊರಿಯರ್‌ನಲ್ಲಿ ಭಾಗ ಕಳಿಸಬೇಕಾದಾಗ ಅದಕ್ಕಿಂತ ಒಳ್ಳೆಯ ಪ್ಯಾಕಿಂಗ್ ಸಿಗದು.

ಬೆಂಗಳೂರಿನಿಂದ ಎಸಿ ಬಸ್ಸಿನಲ್ಲಿ ತಂದ ಪೆಟ್ಟಿಗೆಯನ್ನು ಕರಾವಳಿಯಲ್ಲಿ ಇಳಿದ ತಕ್ಷಣ ಬಿಚ್ಚಬಾರದು. ತಣ್ಣಗಿರುವ ಲೋಹದ ಮೇಲೆ ಇಲ್ಲಿನ ಗಾಳಿಯ ನೀರು ಹನಿಗಟ್ಟುತ್ತದೆ. ಮುಚ್ಚಿದಂತೆಯೇ ನಾಲ್ಕೈದು ಗಂಟೆ ಬಿಡಿ.

ರ‍್ಯಾಮ್ ಮತ್ತು ಕಾರ್ಡಿನ ಚಿನ್ನದ ಬಣ್ಣದ ಹಲ್ಲುಗಳನ್ನು ವರ್ಷಕ್ಕೊಮ್ಮೆ 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ, ನೂಲು ಬಿಡದ ಬಟ್ಟೆಯಿಂದ ಒರೆಸಿ. ರಬ್ಬರಿನಿಂದ ಉಜ್ಜುವುದು ಎಲ್ಲ ಕಡೆ ರೂಢಿಯಲ್ಲಿದೆ, ಆದರೆ ಆ ಚಿನ್ನದ ಲೇಪ ಬಹಳ ತೆಳು, ಉಜ್ಜಿದಷ್ಟೂ ಸವೆಯುತ್ತದೆ. ತುಕ್ಕು ಕಂಡರೆ ವಾರಂಟಿ ನಿರಾಕರಿಸುವುದು ಸಾಮಾನ್ಯ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇವೆ. ಹಿಂಭಾಗದ ಖಾಲಿ ಸ್ಲಾಟ್‌ಗಳ ಪಟ್ಟಿಗಳನ್ನು ಮರಳಿ ಹಾಕಿ ಮುಚ್ಚಿ, ಹಲ್ಲಿ ನುಗ್ಗುವುದು ಅಲ್ಲಿಂದ. ಇರುವೆ ಸೇರಿತೆಂದು ಕೀಟನಾಶಕವನ್ನು ಒಳಗೆ ಸಿಂಪಡಿಸಬೇಡಿ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ಕೊಳ್ಳುವಾಗ ಏನೇನು ನೋಡಬೇಕು? ಆರ್‌ಎಕ್ಸ್ 580 ಅಗ್ಗಕ್ಕೆ ಸಿಗುತ್ತಿದೆ.
— ದಾಂಡೇಲಿ

ಉತ್ತರ: ಓಡುತ್ತಿರುವ ಪಿಸಿಯಲ್ಲಿ ಕಣ್ಣಾರೆ ನೋಡದೆ ದುಡ್ಡು ಕೊಡಬೇಡಿ. ಜಿಪಿಯು-ಝಡ್ (ಕಾರ್ಡಿನ ವಿವರ ತೋರಿಸುವ ತಂತ್ರಾಂಶ) ತೆರೆದು ಹೆಸರು, ಮೆಮೊರಿ, ಶೇಡರ್ (ಕಾರ್ಡಿನೊಳಗಿನ ಚಿಕ್ಕ ಕೋರ್) ಸಂಖ್ಯೆ ಓದಿ. ನಿಜವಾದ ಆರ್‌ಎಕ್ಸ್ 580ರಲ್ಲಿ 2,304 ಶೇಡರ್. 2,048 ಎಂದು ತೋರಿಸಿದರೆ ಅದು ಕೆಳದರ್ಜೆಯ ಇನ್ನೊಂದು ಆವೃತ್ತಿ. ಹಳೆ ಕಾರ್ಡಿಗೆ ಬಯಾಸ್ (ಒಳಗೇ ಕೂತಿರುವ ಮೂಲ ತಂತ್ರಾಂಶ) ಬದಲಿಸಿ ಹೊಸ ಹೆಸರಿಟ್ಟಿದ್ದರೆ ಅದನ್ನೂ ಆ ತಂತ್ರಾಂಶ ನಕಲಿ ಎಂದು ಗುರುತಿಸುತ್ತದೆ. ನಂತರ ಕಾರ್ಡಿಗೆ ಪೂರ್ಣ ಭಾರ ಹಾಕುವ ಫರ್‌ಮಾರ್ಕ್ ತಂತ್ರಾಂಶವನ್ನು 15 ನಿಮಿಷ ಓಡಿಸಿ. ಬಣ್ಣದ ಚುಕ್ಕೆ, ಗೆರೆ ಕಂಡರೆ ಮೆಮೊರಿ ಹೋಗುತ್ತಿದೆ ಎಂದರ್ಥ. ಮುಖ್ಯ ತಾಪಕ್ಕೂ ಹಾಟ್‌ಸ್ಪಾಟ್ (ಚಿಪ್ಪಿನ ಅತಿ ಬಿಸಿ ಜಾಗ) ತಾಪಕ್ಕೂ 25 ಡಿಗ್ರಿಗಿಂತ ಹೆಚ್ಚು ಅಂತರವಿದ್ದರೆ ಚಿಪ್ಪಿನ ಬಿಸಿಯನ್ನು ಕೂಲರಿಗೆ ದಾಟಿಸುವ ಒಳಗಿನ ಪೇಸ್ಟ್ ಒಣಗಿದೆ. ಅದು ರಿಪೇರಿಯಾಗುವಂಥದ್ದು, ಬೆಲೆ ಇಳಿಸಲು ಕೇಳಿ. ಎಲ್ಲ ಪೋರ್ಟಿಗೂ ಕೇಬಲ್ ಹಾಕಿ ನೋಡಿ. ತಿರುಪು, ಬ್ರಾಕೆಟ್‌ಗಳಲ್ಲಿ ತುಕ್ಕು ಇದ್ದರೆ ಅದು ಕಡಲ ಬದಿಯ ಕಾರ್ಡ್, ಬಿಡಿ. 580 ಸುಮಾರು 185 ವ್ಯಾಟ್ ಎಳೆಯುತ್ತದೆ, ಹಲವು ಕಾರ್ಡ್‌ಗಳು ವರ್ಷಗಟ್ಟಲೆ ಕ್ರಿಪ್ಟೊ ಗಣಿಗಾರಿಕೆಯಲ್ಲಿ ಬಿಸಿಯಾಗಿ ದುಡಿದಿವೆ. ಸ್ವಲ್ಪ ಹೆಚ್ಚು ಕೊಟ್ಟು ವಾರಂಟಿ ಉಳಿದಿರುವ ಹಳೆಯ ಆರ್‌ಎಕ್ಸ್ 6600 ಹುಡುಕುವುದು ಮೇಲು.

ಪ್ರಶ್ನೆ: 144 ಹರ್ಟ್ಸ್ ಮಾನಿಟರ್ ತಂದೆ, 60ಕ್ಕಿಂತ ವ್ಯತ್ಯಾಸವೇ ಕಾಣುತ್ತಿಲ್ಲ.
— ಹೊನ್ನಾವರ

ಉತ್ತರ: ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್‌ನ ಅಡ್ವಾನ್ಸ್ಡ್ ಪುಟದಲ್ಲಿ ರಿಫ್ರೆಶ್ ರೇಟ್ 60ರಲ್ಲೇ ಉಳಿದಿರಬೇಕು, 144 ಮಾಡಿ. ಪಟ್ಟಿಯಲ್ಲಿ 144 ಇಲ್ಲದಿದ್ದರೆ ಕೇಬಲ್ ಬದಲಿಸಿ ಡಿಸ್‌ಪ್ಲೇಪೋರ್ಟ್ ಹಾಕಿ.

ಪ್ರಶ್ನೆ: ರೈಜನ್ 5 5600, ಬಿ450 ಬೋರ್ಡ್, ಆರ್‌ಎಕ್ಸ್ 6600 ಜೋಡಿಸಿದ್ದೇವೆ. ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ "ನೋ ಸಿಗ್ನಲ್". ಏನು ತಪ್ಪಾಗಿದೆ?
— ಇಬ್ಬರು ಗೆಳೆಯರು, ಕುಮಟಾ

ಉತ್ತರ: ಗಾಬರಿ ಬೇಡ, ಭಾಗ ಸತ್ತಿರುವ ಸಾಧ್ಯತೆ ಕಡಿಮೆ. ಮಾನಿಟರ್ ಕೇಬಲ್ ಬೋರ್ಡಿನ ಎಚ್‌ಡಿಎಂಐಗೆ ಹೋಗಿದೆಯೇ ನೋಡಿ. 5600ರಲ್ಲಿ ಗ್ರಾಫಿಕ್ಸ್ ಇಲ್ಲ, ಕೇಬಲ್ ಕಾರ್ಡಿಗೇ ಹೋಗಬೇಕು. ನಂತರ ಬೋರ್ಡಿನ ಮೇಲ್ತುದಿಯ ಪ್ರೊಸೆಸರ್ ಪವರ್: 4+4 ಪಿನ್ ಕೇಬಲ್ ಹಾಕದಿದ್ದರೂ ಫ್ಯಾನ್ ತಿರುಗುತ್ತದೆ, ಚಿತ್ರ ಬರುವುದಿಲ್ಲ. ಕಾರ್ಡಿನ 8 ಪಿನ್ ಕೂಡ ಕಟ್ ಎಂದು ಕೂತಿರಬೇಕು. ಕೇಬಲ್ ಬಿಡಿಸಿ ಹಾಕುವಂಥ ಎಸ್‌ಎಂಪಿಎಸ್ ಆಗಿದ್ದರೆ ಅದರ ಜೊತೆ ಬಂದ ಕೇಬಲನ್ನೇ ಬಳಸಿ. ಬೇರೆ ಮಾದರಿಯದು ಕೂತರೂ ಪಿನ್‌ಗಳ ಕ್ರಮ ಬೇರೆ ಇರಬಹುದು, ಹಾಕಿದ ಕ್ಷಣವೇ ಎಸ್‌ಎಸ್‌ಡಿ ಅಥವಾ ಬೋರ್ಡ್ ಸುಡುತ್ತದೆ.

ಆಮೇಲೆ ರ‍್ಯಾಮ್. ಹೊಸಬರು ಬಹುತೇಕ ಎಡವುವುದು ಇಲ್ಲೇ: ಎರಡೂ ತುದಿ ಕಟ್ ಎನ್ನುವವರೆಗೆ ಒತ್ತಲು ಹೆದರುತ್ತಾರೆ. ಪ್ಲಗ್ ತೆಗೆದು, ಒಂದೇ ಕಡ್ಡಿಯನ್ನು ಪ್ರೊಸೆಸರಿನಿಂದ ಎರಡನೇ ಸ್ಲಾಟಿಗೆ ಹಾಕಿ ನೋಡಿ, ನಂತರ ಇನ್ನೊಂದು ಕಡ್ಡಿ. ಎರಡೂ ಸರಿಯಿದ್ದರೆ ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಎರಡು ಮತ್ತು ನಾಲ್ಕನೇ ಜಾಗ.

ಇಷ್ಟಾದರೂ ಬರದಿದ್ದರೆ ಬಯಾಸ್ ಮೇಲೆ ಅನುಮಾನ. ಬಿ450 ಬೋರ್ಡ್ 5000 ಸರಣಿಗಿಂತ ಮೊದಲೇ ಬಂದದ್ದು, ಅಂಗಡಿಯಲ್ಲಿ ಬಹುಕಾಲ ಇದ್ದ ಸರಕಿಗೆ ನಿಮ್ಮ ಪ್ರೊಸೆಸರ್ ಗುರುತು ಸಿಗದು. ಹಿಂಭಾಗದಲ್ಲಿ ಫ್ಲ್ಯಾಶ್ ಗುಂಡಿ ಇದ್ದರೆ ಬೋರ್ಡ್ ತಯಾರಕರ ತಾಣದಿಂದ ಬಯಾಸ್ ಇಳಿಸಿ, ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಿಗೆ ಹಾಕಿ, ಅವರು ಹೇಳಿದ ಹೆಸರೇ ಕೊಟ್ಟು, ಗುಂಡಿ ಒತ್ತಿ. ದೀಪ ಮಿಣುಕುವುದು ನಿಲ್ಲುವವರೆಗೆ ಕರೆಂಟ್ ಹೋಗಬಾರದು, ಆದ್ದರಿಂದ ಆ ಕೆಲಸವನ್ನು ಇನ್ವರ್ಟರ್ ಸಾಲಿನಲ್ಲೇ ಮಾಡಿ. ಗುಂಡಿ ಇಲ್ಲದಿದ್ದರೆ ಹಳೆಯ ರೈಜನ್ ಇರುವ ಪರಿಚಯದವರ ಅಥವಾ ಅಂಗಡಿಯವರ ನೆರವು ಬೇಕು. ಪ್ರೊಸೆಸರ್ ಬದಲಿಸಲು ಕೂಲರ್ ಎತ್ತುವಾಗ ನೇರ ಎಳೆಯಬೇಡಿ. ಎಎಂ4ರಲ್ಲಿ (ನಿಮ್ಮ ಬೋರ್ಡಿನ ಪ್ರೊಸೆಸರ್ ಸಾಕೆಟ್) ಪಿನ್‌ಗಳು ಪ್ರೊಸೆಸರಿನಲ್ಲೇ ಇರುತ್ತವೆ, ಪೇಸ್ಟಿಗೆ ಅಂಟಿಕೊಂಡು ಅದೂ ಕಿತ್ತು ಬಂದು ಪಿನ್ ಬಾಗುತ್ತದೆ. ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸಿ, ಅಂಟು ಬಿಟ್ಟ ಮೇಲೆ ಎತ್ತಿ.

ಅದೂ ಅಲ್ಲವೆಂದಾದರೆ ಬೋರ್ಡನ್ನು ಕ್ಯಾಬಿನೆಟ್‌ನಿಂದ ಹೊರತೆಗೆದು ಅದರ ರಟ್ಟಿನ ಪೆಟ್ಟಿಗೆಯ ಮೇಲಿಟ್ಟು ಓಡಿಸಿ. ಪವರ್ ಸ್ವಿಚ್‌ನ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್‌ನಿಂದ ಒಂದು ಕ್ಷಣ ತಾಗಿಸಿದರೆ ಚಾಲೂ ಆಗುತ್ತದೆ. ಹೊರಗೆ ಚಿತ್ರ ಬಂದು ಒಳಗೆ ಬರದಿದ್ದರೆ ಬೋರ್ಡಿನ ಕೆಳಗೆ ಹೆಚ್ಚುವರಿ ಹಿತ್ತಾಳೆ ಸ್ಟ್ಯಾಂಡ್‌ಆಫ್ (ಬೋರ್ಡನ್ನು ಎತ್ತಿ ಹಿಡಿಯುವ ಗುಬ್ಬಿ) ಉಳಿದು ಶಾರ್ಟ್ ಮಾಡುತ್ತಿದೆ, ತೆಗೆಯಿರಿ. ಚಿತ್ರ ಬಂದ ಮೇಲೆ ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ (ರ‍್ಯಾಮನ್ನು ಅದರ ಪೂರ್ಣ ವೇಗದಲ್ಲಿ ಓಡಿಸುವ ಆಯ್ಕೆ) ಆನ್ ಮಾಡುವುದನ್ನು ಮರೆಯಬೇಡಿ. ಅದಿಲ್ಲದೆ 3200ರ ರ‍್ಯಾಮ್ 2133 ಅಥವಾ 2400, 2666ರಲ್ಲೇ ಓಡುತ್ತಿರುತ್ತದೆ.